ಹುಲ್ಲು ಕತ್ತರಿಸುವ ಯಂತ್ರವೂ ತೋಟದ ಋಣವೂ

ಗಣೇಶ ಚೌತಿಯ ಬೆಳಿಗ್ಗೆ ವಸಂತ್ ಕುಂಜ್‌ನ ಉದ್ಯಾನಗಳಲ್ಲಿ ಕನ್ನಡಿಗರನ್ನು ಗುರುತಿಸುವುದು ಕಷ್ಟವಲ್ಲ. ವಾಯುವಿಹಾರಕ್ಕೆ ಬಂದವರು ನೆಟ್ಟಗೆ ನಡೆಯುತ್ತಿರುತ್ತಾರೆ. ನಾವು ಬೇಲಿಯ ಬದಿಯಲ್ಲಿ ಬೆನ್ನು ಬಗ್ಗಿಸಿ ಗರಿಕೆ ಹುಡುಕುತ್ತಿರುತ್ತೇವೆ. ಇಪ್ಪತ್ತೊಂದು ಕುಡಿ ಸಿಕ್ಕರೆ ಆ ದಿನದ ಪೂಜೆಗೆ ಸಾಕು. ಆದರೆ ಹಿಂದಿನ ದಿನವೇ ಹುಲ್ಲು ಕತ್ತರಿಸುವ ಯಂತ್ರ ಓಡಿದ್ದರೆ, ಕಾಲಡಿಯೆಲ್ಲ ಗರಿಕೆಯೇ ಹಾಸಿದ್ದರೂ ಗಣಪತಿಗೆ ಏರಿಸುವಂಥ ಕುಡಿ ಒಂದೂ ಕೈಗೆ ಬರುವುದಿಲ್ಲ. ದಿಲ್ಲಿಯ ಮಾಲಿಗಳು 'ದೂಬ್' ಎಂದು ಕರೆಯುವ ಲಾನಿನ ಹುಲ್ಲು ನಮ್ಮ ಗರಿಕೆಯೇ ಎಂಬುದು ಬಹಳ ಮಂದಿಗೆ ಗೊತ್ತಾಗುವುದು ಇಂಥ ಬೆಳಿಗ್ಗೆಯೇ.

ಊರಿನಲ್ಲಿ ಅಡಿಕೆ ತೋಟವುಳ್ಳ ನಮ್ಮಂಥ ಕುಟುಂಬಗಳಿಗೆ ಆ ಯಂತ್ರದ ಸದ್ದು ಮತ್ತೊಂದು ಚಿಂತೆಯನ್ನೂ ಎಬ್ಬಿಸುತ್ತದೆ. ಊರಿನಿಂದ ಫೋನು ಬಂದರೆ ಮೊದಲು ಮಳೆಯ ಸುದ್ದಿ, ಆಮೇಲೆ ಅಡಿಕೆ ದರ, ಕೊನೆಗೆ "ತೋಟದಲ್ಲಿ ಸೊಂಟದ ಮಟ್ಟ ಹುಲ್ಲು ಎದ್ದಿದೆ, ಹೊಡೆಯುವವರು ಸಿಗುವುದಿಲ್ಲ" ಎಂಬ ಮಾತು. ನಮ್ಮ ಹಿರಿಯರಿಗೆ ಇದಕ್ಕೆ ಒಂದು ಗಾದೆ ಸಿದ್ಧವಾಗಿತ್ತು: ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು. ಈಗ ತಾನು ದಿಲ್ಲಿಯಲ್ಲಿದ್ದಾನೆ, ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ, ಆಳಿನ ಮಗ ಬೆಂಗಳೂರು ಸೇರಿದ್ದಾನೆ. ಮೂವರ ಜಾಗಕ್ಕೂ ಬಂದಿರುವುದು ಯಂತ್ರ. ಇದು ಎಲ್ಲಿಂದ ಬಂತು, ಯಾರ ಕೈಯ ಕೆಲಸವನ್ನು ತೆಗೆದುಕೊಂಡಿತು, ಗಾದೆಯ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಸ್ವಲ್ಪ ಚರಿತ್ರೆಯ ಬೆಳಕಿನಲ್ಲಿ ನೋಡೋಣ.

ಇಂಗ್ಲೆಂಡಿನ ಗ್ಲೌಸ್ಟರ್‌ಷೈರ್ ಪ್ರಾಂತದ ಸ್ಟ್ರೌಡ್ ಕಣಿವೆ ಉಣ್ಣೆಬಟ್ಟೆಯ ಗಿರಣಿಗಳಿಗೆ ಹೆಸರಾಗಿತ್ತು. ನೇಯ್ದ ಬಟ್ಟೆಯ ಮೇಲೆ ಏಳುವ ಜುಂಗನ್ನು ಸಮನಾಗಿ ಕತ್ತರಿಸಲು ಅಲ್ಲಿ ಒಂದು ಯಂತ್ರವಿತ್ತು: ಉರುಳೆಯ ಸುತ್ತ ತಿರುಚಿ ಕೂರಿಸಿದ ಅಲಗುಗಳು, ಅವುಗಳ ಕೆಳಗೆ ಅಲುಗಾಡದ ಒಂದು ಪಟ್ಟಿ. ಎಡ್ವಿನ್ ಬಡ್ಡಿಂಗ್ ಎಂಬ ಕುಶಲ ಕೆಲಸಗಾರನಿಗೆ, ಬಟ್ಟೆಯ ಜುಂಗನ್ನು ಸವರುವುದು ನೆಲದ ಹುಲ್ಲನ್ನೇಕೆ ಸವರಬಾರದು ಎಂದು ಹೊಳೆಯಿತು. ಜಾನ್ ಫೆರಬಿ ಎಂಬ ಎರಕದ ಕಾರ್ಖಾನೆಯವನೊಡನೆ ಕೂಡಿ ಅವನು 1830ರಲ್ಲಿ ಈ ಯಂತ್ರಕ್ಕೆ ಪೇಟೆಂಟು ಪಡೆದ. 19 ಅಂಗುಲ ಅಗಲದ ಕಬ್ಬಿಣದ ಯಂತ್ರ. ಹಿಂದಿನ ಉರುಳೆ ನೆಲದ ಮೇಲೆ ಉರುಳಿದಂತೆ ಹಲ್ಲುಗಾಲಿಗಳ ಮೂಲಕ ಅಲಗುಗಳು ತಿರುಗುತ್ತಿದ್ದವು. ಇಂದಿಗೂ ನೂಕುವ ಯಂತ್ರಗಳ ಒಳಗಿನ ತತ್ತ್ವ ಇದೇ.

ಅಲ್ಲಿಯವರೆಗೆ ಹುಲ್ಲುಹಾಸನ್ನು ಉದ್ದ ಹಿಡಿಯ ಕುಡುಗೋಲಿನಿಂದ ಸವರುತ್ತಿದ್ದರು. ಇಬ್ಬನಿ ಆರುವ ಮೊದಲೇ ಕೆಲಸ ಮುಗಿಯಬೇಕಿತ್ತು. ಒದ್ದೆ ಹುಲ್ಲು ಅಲಗಿಗೆ ನಿಲ್ಲುತ್ತದೆ, ಒಣಗಿದ್ದು ಬಾಗಿ ತಪ್ಪಿಸಿಕೊಳ್ಳುತ್ತದೆ. ಅದು ವರ್ಷಗಟ್ಟಲೆ ಕಲಿತವರ ವಿದ್ಯೆ. ಬಡ್ಡಿಂಗನ ಯಂತ್ರಕ್ಕೆ ಇಬ್ಬನಿಯ ಹಂಗಿರಲಿಲ್ಲ. ಹಳ್ಳಿಯ ಶ್ರೀಮಂತರು ಇದನ್ನು ತಾವೇ ನೂಕಿದರೆ ವಿನೋದವೂ ಆರೋಗ್ಯಕರ ವ್ಯಾಯಾಮವೂ ಆದೀತೆಂದು ಅವನು ಪೇಟೆಂಟಿನಲ್ಲಿಯೇ ಬರೆದಿದ್ದ. 'ತಾ ಮಾಡಿದ್ದು ಉತ್ತಮ' ಎಂಬ ಮಾತನ್ನೇ ಆತ ಇಂಗ್ಲಿಷಿನಲ್ಲಿ ಹೇಳಿದಂತಾಯಿತು. ಆದರೆ ದೊಡ್ಡ ಮನೆಗಳಲ್ಲಿ ಯಂತ್ರದ ಹಿಡಿ ಹೋದದ್ದು ಮಾಲಿಗಳ ಕೈಗೇ. ಮುಂದೆ ದೊಡ್ಡ ಯಂತ್ರಗಳು ಬಂದಾಗ ಎಳೆಯಲು ಕುದುರೆ ಕಟ್ಟಿದರು. ಗೊರಸಿನ ಗುರುತು ಲಾನಿನ ಮೇಲೆ ಬೀಳದಿರಲೆಂದು ಕುದುರೆಗೆ ತೊಗಲಿನ ಬೂಟು ತೊಡಿಸಿದರು. 1902ರಲ್ಲಿ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಎಂಜಿನಿನ ಯಂತ್ರವನ್ನು ಹೊರತಂದಿತು.

ವರ್ಷವಿಡೀ ಜಿನುಗುವ ಮಳೆಯ ನಾಡಿನ ಈ ಲಾನು ಆಳುವವರೊಡನೆ ನಮ್ಮ ದೇಶಕ್ಕೂ ಬಂತು. ಮೊಗಲರ ಚಾರ್‌ಬಾಗುಗಳಲ್ಲಿ ಹಣ್ಣಿನ ಮರಗಳಿಗೂ ಪಾಲಿತ್ತು. ಲಾರ್ಡ್ ಕರ್ಜನ್ 1899ರಿಂದ 1905ರವರೆಗೆ ವೈಸರಾಯ್ ಆಗಿದ್ದಾಗ ತಾಜಮಹಲಿನ ತೋಟವೇ ಲಾನಿನ ರೂಪ ತಾಳಿತು. 1931ರಲ್ಲಿ ಉದ್ಘಾಟನೆಯಾದ ಹೊಸ ದಿಲ್ಲಿಯಂತೂ ಹುಲ್ಲುಹಾಸಿನ ನಡುವೆಯೇ ಎದ್ದ ನಗರ. ವೈಸರಾಯ್ ಭವನದ ತೋಟವನ್ನು, ಎಂದರೆ 2023ರಲ್ಲಿ ಅಮೃತ ಉದ್ಯಾನವೆಂದು ಹೆಸರು ಬದಲಾದ ತೋಟವನ್ನು, ಲಟ್ಯೆನ್ಸ್ ಕಾಗದದ ಮೇಲೆ ಬರೆದರೆ, ನೆಲದ ಮೇಲೆ ಬೆಳೆಸಿದವನು ತೋಟಗಾರಿಕೆಯ ಅಧಿಕಾರಿ ಮಸ್ಟೋ. ಮಳೆಯಲ್ಲಿ ಹೆಚ್ಚಿನ ಪಾಲು ಮೂರೇ ತಿಂಗಳಲ್ಲಿ ಸುರಿದುಹೋಗುವ ಈ ಊರಿನಲ್ಲಿ ಬಿಸಿಲನ್ನು ತಡೆದು ನಿಂತ ಹುಲ್ಲು ಗರಿಕೆ. ಕುದುರೆಯ ಜಾಗಕ್ಕೆ ಇಲ್ಲಿ ಎತ್ತು ಬಂತು. ಎತ್ತು ಎಳೆಯುವ ಯಂತ್ರ, ಅದರ ಹಿಂದೆ ಮುಂಡಾಸಿನ ಮಾಲಿ: ಈ ದೃಶ್ಯ ದಿಲ್ಲಿಯ ವಿಶಾಲ ಹುಲ್ಲುಹಾಸುಗಳಲ್ಲಿ ಬಹುಕಾಲ ಉಳಿದಿತ್ತು. ಲಟ್ಯೆನ್ಸನ ಹೆಸರು ನಗರಕ್ಕೇ ಅಂಟಿಕೊಂಡಿತು, ಮಸ್ಟೋನನ್ನು ಬಲ್ಲವರು ಕಡಮೆ. ಇನ್ನು ಎತ್ತಿನ ಹಿಂದೆ ನಡೆದವರ ಹೆಸರನ್ನು ಕೇಳುವವರೇ ಇಲ್ಲ.

ನಾವಿರುವ ವಸಂತ್ ಕುಂಜ್ ಎದ್ದದ್ದು 1980ರ ದಶಕದಲ್ಲಿ. ಮಸೂದ್‌ಪುರ, ಕಿಶನ್‌ಗಢ ಮುಂತಾದ ಹಳ್ಳಿಗಳ ಸುತ್ತಿನ ನೆಲದ ಮೇಲೆ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಈ ಮನೆಗಳನ್ನು ಕಟ್ಟಿಸಿತು. ಸಮೀಪದಲ್ಲೇ ಇಲ್ತುಮಿಶ್ ತನ್ನ ಮಗನಿಗಾಗಿ 1231ರಲ್ಲಿ ಕಟ್ಟಿಸಿದ ಸುಲ್ತಾನ್ ಘರಿ ಸಮಾಧಿಯಿದೆ. ನಮ್ಮ ಉದ್ಯಾನಗಳ ಗರಿಕೆಯ ಅಡಿಯಲ್ಲಿ ಯಾರದೋ ಹೊಲ, ಯಾರದೋ ಗೋಮಾಳ ಇದೆ. ನೆಲ ಬಿಟ್ಟವರು ನಾವು ಮಾತ್ರವೇ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ನಾವು ಬಿಟ್ಟುಬಂದ ನೆಲದ ಕಡೆಗೆ ಹೊರಳೋಣ. ಟಿಪ್ಪುವಿನ ಪತನದ ನಂತರ ಈ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಸೋಂದೆಯ ಕಡೆಯ ಅಡಿಕೆ ತೋಟಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ತೋಟದ ಒಡೆಯರಾದ ಹೈಗರು ತಾವೇ ಮೈಬಗ್ಗಿಸಿ ದುಡಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಗಾದೆಯ ಮೊದಲ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಅಡಿಕೆ ತೋಟ ಒಡೆಯನೊಬ್ಬನಿಂದ ನಡೆಯುವಂಥದಲ್ಲ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟಿದ್ದಾರೆಂದರೆ, ಅಷ್ಟು ಸೊಪ್ಪು ಸವರಿ, ಹೊತ್ತು, ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ಮರದ ಬುಡಕ್ಕೆ ಮುಟ್ಟಿಸುವ ಕೈಗಳೆಷ್ಟು ಬೇಕು ನೋಡಿ! ಕಾದಿಗೆ ತೋಡಬೇಕು, ಕಳೆ ಸವರಬೇಕು, ಮಳೆಗಾಲದಲ್ಲಿ ಕೊಳೆರೋಗ ತಟ್ಟದಂತೆ ಮರವೇರಿ ಗೊನೆಗೆ ಕೊಟ್ಟೆ ಕಟ್ಟಬೇಕು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ಬಳಕೆಗೆ ತಂದ. ವಿಜ್ಞಾನ ಅವನದು, ಮಳೆಯಲ್ಲಿ ಜಾರುವ ಮರವನ್ನು ಏರಿ ಅದನ್ನು ಸಿಂಪಡಿಸಿದವನು ಕೊನೆಗಾರ. ಯಲ್ಲಾಪುರ, ಹಳಿಯಾಳ, ಶಿರಸಿಯ ಕಡೆಯ ತೋಟಗಳಲ್ಲಿ ದುಡಿದವರಲ್ಲಿ ಸಿದ್ದಿಗಳೂ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರ ಸಂತತಿ ಅವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಸಿದ್ದಿಗಳ ಮಾತು ಬಂದಾಗ ಕಡಲಾಚೆಯ ಮತ್ತೊಬ್ಬನ ನೆನಪಾಗುತ್ತದೆ. ನಮ್ಮ ಮಕ್ಕಳು ಅನೇಕರು ಈಗ ನೆಲಸಿರುವ ಟೆಕ್ಸಾಸಿನಲ್ಲಿ ಪೆಕಾನ್ ಎಂಬ ಮರವನ್ನು ಮನೆತನದ ಆಸ್ತಿಯಂತೆ ಬೆಳೆಸುತ್ತಾರೆ. ಅಕ್ರೋಟಿನ ಬಳಗಕ್ಕೆ ಸೇರಿದ, ನೆಟ್ಟವನ ಮೊಮ್ಮಕ್ಕಳಿಗೂ ಫಲ ಕೊಡುವ ಮರ ಅದು. ಅಲ್ಲಿನ ಗವರ್ನರ್ ಆಗಿದ್ದ ಜೇಮ್ಸ್ ಹಾಗ್ 1906ರಲ್ಲಿ ಸಾಯುವ ಮುನ್ನ, ತನಗೆ ಕಲ್ಲಿನ ಸ್ಮಾರಕ ಬೇಡ, ತಲೆಯ ಕಡೆ ಪೆಕಾನನ್ನೂ ಕಾಲಿನ ಕಡೆ ಅಕ್ರೋಟನ್ನೂ ನೆಡಿ, ಅದರ ಕಾಯಿಗಳನ್ನು ನೆಡಲು ಜನರಿಗೆ ಹಂಚಿ ಎಂದನಂತೆ. 1919ರಲ್ಲಿ ಪೆಕಾನ್ ಆ ರಾಜ್ಯದ ಮರವೆಂದು ಘೋಷಿತವಾಯಿತು. ಇಷ್ಟು ಗೌರವದ ಮರವನ್ನು ಕಸಿಮಾಡಿ ಒಳ್ಳೆಯ ಜಾತಿಯನ್ನು ಉಳಿಸುವ ದಾರಿ ತೋರಿದವನು ಪಕ್ಕದ ಲೂಯಿಸಿಯಾನದ ಒಬ್ಬ ಗುಲಾಮ. ಇಂದು ಓಕ್ ಅಲಿ ಎಂದು ಪ್ರಸಿದ್ಧವಾಗಿರುವ ಎಸ್ಟೇಟಿನಲ್ಲಿ ಮಾಲಿಯಾಗಿದ್ದ ಅವನ ಹೆಸರು ಆಂಟ್ವಾನ್. 1840ರ ದಶಕದಲ್ಲಿ ಅವನು 16 ಮರಗಳಿಗೆ ಕಸಿ ಕಟ್ಟಿ ಗೆದ್ದ. ಆ ಜಾತಿಯ ಕಾಯಿಗೆ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಮನ್ನಣೆ ದೊರೆತು 'ಸೆಂಟೆನಿಯಲ್' ಎಂಬ ಹೆಸರು ಬಂತು. ಎಸ್ಟೇಟಿನ ಲೆಕ್ಕದಲ್ಲಿ ಆಂಟ್ವಾನ್ ತಾನೂ ಒಂದು ಆಸ್ತಿಯಾಗಿದ್ದವನು. ಆಳು ಮಾಡಿದ್ದು ಹಾಳಲ್ಲ, ಒಂದು ದೇಶದ ಬೆಳೆಯೇ ಆಯಿತು.

ಪೆಕಾನ್ ತೋಟಕ್ಕೂ ಅಡಿಕೆ ತೋಟಕ್ಕೂ ಒಂದು ಹೋಲಿಕೆಯಿದೆ. ಪೆಕಾನ್ ಕಾಯಿಯನ್ನು ಮರ ಅಲುಗಿಸಿ ನೆಲದಿಂದ ಆಯುತ್ತಾರೆ. ಆದ್ದರಿಂದ ಕೊಯ್ಲಿಗೆ ಮುಂಚೆ ಹುಲ್ಲನ್ನು ಮೋಟಾಗಿ ಕತ್ತರಿಸದಿದ್ದರೆ ಬೆಳೆ ಹುಲ್ಲಿನ ಪಾಲು. ನಮ್ಮಲ್ಲಿ ಗೊನೆಯನ್ನು ಇಳಿಸುವುದೇ ರೂಢಿಯಾದರೂ, ಹಣ್ಣಾಗಿ ಉದುರಿದ ಅಡಿಕೆ ಹೆಕ್ಕಲು ನೆಲ ಕಾಣಬೇಕು. ಈ ಕೆಲಸಕ್ಕೆ ಕಳೆದ ಎರಡು ದಶಕಗಳಲ್ಲಿ ಮಲೆನಾಡಿಗೆ ಬಂದದ್ದು ಹೆಗಲಿಗೆ ತೂಗುಹಾಕಿಕೊಳ್ಳುವ ಕಟರ್. ಅದರ ತುದಿಗೆ ಸಿಕ್ಕಿಸುವ ನೈಲಾನ್ ದಾರದ ಉಪಾಯವೂ ಟೆಕ್ಸಾಸಿನದೇ: ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಕಾರು ತೊಳೆಯುವ ತಿರುಗು ಬ್ರಷ್ಷುಗಳನ್ನು ಕಂಡು, ಒಂದು ಡಬ್ಬಿಗೆ ಗಾಳದ ದಾರ ಸಿಕ್ಕಿಸಿ 1971ರಲ್ಲಿ ಅದನ್ನು ಮಾಡಿನೋಡಿದ.

ಯಂತ್ರ ಬಂದರೆ ಚಿಂತೆ ಹರಿಯಿತೆಂದು ನಾವೂ ತಿಳಿದಿದ್ದೆವು. ಊರಿನ ಮನೆಗೆ ಒಂದನ್ನು ಕೊಂಡುಕೊಟ್ಟು ದಿಲ್ಲಿಗೆ ಮರಳಿದೆವು. ಎರಡು ವರ್ಷ ಬಿಟ್ಟು ಹೋದಾಗ ಅದು ಕೊಟ್ಟಿಗೆಯ ಮೂಲೆಯಲ್ಲಿತ್ತು. ದಾರ ಎಳೆದು ಎಳೆದು ತೋಳು ಸೋತಿತೇ ಹೊರತು ಎಂಜಿನು ಮಾತಾಡಲಿಲ್ಲ. ಬಿಚ್ಚಿ ನೋಡಿದವರು ನಮ್ಮ ತೋಟದಲ್ಲಿ ಇಪ್ಪತ್ತು ವರ್ಷ ದುಡಿದ ಹಿರಿಯರು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟಾಗಿ ಕಟ್ಟಿತ್ತು. ತೊಳೆದು, ಪ್ಲಗ್ಗು ಉಜ್ಜಿ, ಅರ್ಧ ಗಂಟೆಯಲ್ಲಿ ಚಾಲೂ ಮಾಡಿಕೊಟ್ಟರು. "ಮಳೆಗಾಲ ಮುಗಿದ ಮೇಲೆ ಎಣ್ಣೆ ಖಾಲಿ ಮಾಡಿಡಿ ಅಂತ ಅವತ್ತೇ ಹೇಳಿದ್ದೆ, ನೀವು ಬಸ್ಸಿಗೆ ಹೊತ್ತಾಯಿತು ಅಂದಿರಿ" ಎಂದರು. ಅವರು ಹೇಳಿದ್ದು ನಮಗೆ ನೆನಪೇ ಇರಲಿಲ್ಲ.

ಅವರಿಂದ ಕಲಿತದ್ದನ್ನು ಇಲ್ಲಿ ಬರೆಯುವುದು ಉಪಯುಕ್ತವೆಂದು ತೋರುತ್ತದೆ. ಟೂ-ಸ್ಟ್ರೋಕ್ ಎಂಜಿನಿಗೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸಲೇಬೇಕು. ಕೈಪಿಡಿ 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದರೆ 40. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿರುವುದರಿಂದ ಅದು ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು. ಗಾಳಿಯ ಫಿಲ್ಟರನ್ನು ಆಗಾಗ ತೊಳೆದು ಒಣಗಿಸಬೇಕು. ಅಲಗು ಮುಟ್ಟುವ ಮೊದಲು ಪ್ಲಗ್ಗಿನ ತಂತಿ ಕಳಚಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಕೊಡಿಸುವುದು ಒಡೆಯನ ಹೊಣೆ. ಇನ್ನೊಂದು ಮಾತು: ಇಳಿಜಾರಿನಲ್ಲಿ ಮಳೆ ಜೋರಾಗಿರುವಾಗ ನೆಲ ಕಾಣುವಂತೆ ಹೆರೆದರೆ ಮಣ್ಣು ಹಳ್ಳ ಸೇರುತ್ತದೆ. ಎಷ್ಟು ಹುಲ್ಲು ಉಳಿಸಬೇಕೆಂಬುದು ಯಂತ್ರಕ್ಕೆ ತಿಳಿಯದು, ಹಿಡಿದವನಿಗೆ ತಿಳಿದಿರಬೇಕು.

ಗಾದೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಚರಿತ್ರೆ ನೋಡಿದರೆ ಅದರ ಮೂರನೆಯ ಮಾತನ್ನು ತಿದ್ದಿಕೊಳ್ಳಬೇಕೆನಿಸುತ್ತದೆ. ತೋಟದ ಪಹಣಿ ನಮ್ಮ ಹೆಸರಿನಲ್ಲಿದೆ. ತೋಟ ಉಳಿದಿರುವುದು ಅದನ್ನು ಬಿಟ್ಟುಹೋಗದವರಿಂದ. ಬರುವ ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ಬಂಧುಗಳು ಮಕ್ಕಳನ್ನು ಕೊಟ್ಟಿಗೆಗೆ ಕರೆದೊಯ್ದು ಆ ಯಂತ್ರವನ್ನು ಒಮ್ಮೆ ಬಿಚ್ಚಿ ತೋರಿಸಲಿ. ಬಿಚ್ಚಿ ತೋರಿಸುವವರು ಅಲ್ಲೇ ಇರುತ್ತಾರೆ. ಅವರ ಹೆಸರು, ಅವರ ಮನೆಯವರ ಹೆಸರು ಮಕ್ಕಳಿಗೆ ತಿಳಿಯಲಿ. ಅವರ ಕೂಲಿ ಸಕಾಲಕ್ಕೆ ಸಲ್ಲುತ್ತಿದೆಯೇ ಎಂದು ನಾವು ವಿಚಾರಿಸೋಣ.

ವಸಂತ್ ಕುಂಜ್‌ನ ಮಾಲಿಗೂ ಈ ವರ್ಷ ಚೌತಿಯ ದಿನಾಂಕವನ್ನು ಮುಂಚಿತವಾಗಿ ಹೇಳಿದ್ದೆವು. ಬೇಲಿಯ ಬದಿಯ ಒಂದು ಮಾರು ಗರಿಕೆಯನ್ನು ಅವರು ಕತ್ತರಿಸದೆ ಬಿಟ್ಟಿದ್ದರು.