ಸೀಟು ಲೆಕ್ಕದ ಟ್ಯಾಕ್ಸಿ: ಕಾಯ್ದೆಯಲ್ಲಿ, ರಸ್ತೆಯಲ್ಲಿ

2017ರ ಆರಂಭದಲ್ಲಿ ಕರ್ನಾಟಕದ ಸಾರಿಗೆ ಇಲಾಖೆ ಬೆಂಗಳೂರಿನ ಓಲಾ ಶೇರ್, ಊಬರ್ ಪೂಲ್ ಸೇವೆಗಳನ್ನು ನಿಲ್ಲಿಸುವಂತೆ ಸೂಚಿಸಿತು. ಟ್ಯಾಕ್ಸಿಗಿರುವುದು ಇಡೀ ಗಾಡಿಯನ್ನು ಒಪ್ಪಂದದ ಮೇಲೆ ಬಾಡಿಗೆಗೆ ಓಡಿಸುವ ಕಾಂಟ್ರ್ಯಾಕ್ಟ್ ಕ್ಯಾರಿಯೇಜ್ ಪರವಾನಗಿ, ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸುವುದು ಬಸ್ಸಿನ ಕೆಲಸ ಎಂಬುದು ಇಲಾಖೆಯ ವಾದ. 1988ರ ಮೋಟಾರು ವಾಹನ ಕಾಯ್ದೆಯನ್ನು ಬಿಡಿಸಿ ಓದಿದರೆ ಮಾತು ಅಷ್ಟು ನೇರವಾಗಿಲ್ಲ. ಒಪ್ಪಂದಕ್ಕೆ ಸೇರದವರನ್ನು ನಡುದಾರಿಯಲ್ಲಿ ಹತ್ತಿಸಬಾರದು, ಇಳಿಸಬಾರದು ಎಂದು ಸೆಕ್ಷನ್ 2(7) ಹೇಳುವುದು ನಿಜ. ಆದರೆ ಪ್ರಯಾಣಿಕರಿಂದ ಬೇರೆಬೇರೆಯಾಗಿ ದರ ಪಡೆದರೂ ಮೋಟಾರು ಕ್ಯಾಬ್ ಅದೇ ವರ್ಗಕ್ಕೆ ಸೇರುತ್ತದೆಂದು ಹೇಳುವುದೂ ಅದೇ ಸೆಕ್ಷನ್. ಇನ್ನು ಬಸ್ಸಿನ ವರ್ಗವಾದ ಸ್ಟೇಜ್ ಕ್ಯಾರಿಯೇಜ್‌ಗೆ ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನ ಹಿಡಿಸುವ ವಾಹನವೇ ಬೇಕು. ಹೀಗಾಗಿ ನಾಲ್ಕು ಸೀಟಿನ ಶೇರ್ ಕಾರು ಬಸ್ಸೂ ಅಲ್ಲ, ತಕರಾರಿಲ್ಲದ ಟ್ಯಾಕ್ಸಿಯೂ ಅಲ್ಲ. ಕಾಯ್ದೆ ಬರೆದವರ ಕಣ್ಣ ಮುಂದಿದ್ದುದು ಸ್ಟ್ಯಾಂಡಿನಿಂದ ಹೊರಡುವ ಗಾಡಿಯೇ ಹೊರತು ಮೊಬೈಲಲ್ಲ.

ಆ ಸ್ಟ್ಯಾಂಡಿನ ಗಾಡಿ ಮುಂಬೈಯಲ್ಲಿ ಈಗಲೂ ಕಾಣಸಿಗುತ್ತದೆ. ಬೆಳಗಿನ ಆಫೀಸ್ ಹೊತ್ತಿಗೆ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ನರಿಮನ್ ಪಾಯಿಂಟ್‌ಗೆ ಹೋಗುವವರ ಸಾಲು ನಿಲ್ಲುತ್ತದೆ. ಕಪ್ಪು-ಹಳದಿ ಟ್ಯಾಕ್ಸಿ ಬರುತ್ತಲೇ ನಾಲ್ವರು ಕೂರುತ್ತಾರೆ. ತಲೆಗಿಷ್ಟು ಎಂಬ ದರ ಎಲ್ಲರಿಗೂ ಗೊತ್ತು, ಚೌಕಾಸಿಯಿಲ್ಲ, ಎಲ್ಲರೂ ಒಂದೇ ಕಡೆ ಹೋಗುವವರಾದ್ದರಿಂದ ಸುತ್ತುದಾರಿಯೂ ಇಲ್ಲ. ಆ್ಯಪ್‌ನ ಶೇರ್ ಸವಾರಿ ಮನೆ ಬಾಗಿಲಿಗೇ ಬರುತ್ತೇನೆಂದು ಹೊರಟು ಈ ಅನುಕೂಲವನ್ನೇ ಕಳೆದುಕೊಂಡಿತು. ಎರಡನೆಯವರು ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರೆ ಮುಂದಿನ ಯೂ-ಟರ್ನ್‌ವರೆಗೆ ಹೋಗಿ, ಸರ್ವಿಸ್ ರಸ್ತೆಗೆ ಇಳಿದು, ಅವರು ಬರುವವರೆಗೆ ಕಾಯಬೇಕು. ಉಳಿಸಿದ ದುಡ್ಡಿಗೆ ಮೊದಲನೆಯವರು ಸಮಯದಲ್ಲಿ ಬೆಲೆ ತೆರುತ್ತಾರೆ.

ದಟ್ಟಣೆ ಇಳಿಯುತ್ತದೆಯೇ? ನ್ಯೂಯಾರ್ಕ್‌ನ ಸುಮಾರು 13,000 ಟ್ಯಾಕ್ಸಿಗಳ ಬೇಡಿಕೆಯಲ್ಲಿ ಶೇ. 98ರಷ್ಟನ್ನು ನಾಲ್ಕು ಸೀಟಿನ 3,000 ಶೇರ್ ಕಾರುಗಳೇ ಪೂರೈಸಬಲ್ಲವೆಂದು ಎಂಐಟಿ ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದು ಟ್ಯಾಕ್ಸಿ ಬಿಟ್ಟು ಶೇರ್ ಟ್ಯಾಕ್ಸಿ ಹತ್ತುವವರ ಲೆಕ್ಕ. ನಮ್ಮಲ್ಲಿ ಕೇಳಬೇಕಾದದ್ದು, ಹತ್ತುವವರು ಏನನ್ನು ಬಿಟ್ಟು ಬಂದರು ಎಂದು. ಬಿಎಂಟಿಸಿಯ ಒಂದು ಬಸ್ಸಿನ 40 ಜನ ಕಾರಿಗಿಬ್ಬರಂತೆ ಹಂಚಿಹೋದರೆ 20 ಕಾರು. ಕಾರಿಗೆ ನಾಲ್ಕು ಮೀಟರ್ ಹಿಡಿದರೂ ಒಂದಕ್ಕೊಂದು ತಾಗಿ ನಿಂತಾಗ 80 ಮೀಟರ್ ರಸ್ತೆ ಬೇಕು. ಬಸ್ಸಿಗೆ ಸುಮಾರು 12 ಸಾಕು. ಒಂಟಿಯಾಗಿ ಕಾರಿನಲ್ಲಿ ಹೋಗುತ್ತಿದ್ದವರು ಬಂದರೆ ಮಾತ್ರ ಊರಿಗೆ ಲಾಭ.

ಅಪರಿಚಿತರ ಜೊತೆ ಕೂರುವ ಅಂಜಿಕೆ, ಅದರಲ್ಲೂ ರಾತ್ರಿ ಹೊತ್ತು ಹೆಂಗಸರಿಗಿರುವುದು, ಸಣ್ಣ ಸಂಗತಿಯಲ್ಲ. ಕೇಂದ್ರದ 2020ರ ನವೆಂಬರ್ ಮಾರ್ಗಸೂಚಿ ಶೇರ್ ಸವಾರಿಗೆ ಅವಕಾಶ ಕೊಡುವಾಗ ಪ್ರಯಾಣಿಕರ ಕೆವೈಸಿ ಕೇಳಿತು, ಮಹಿಳೆಯರಿಗೆ ಮಹಿಳೆಯರೊಂದಿಗೇ ಹೋಗುವ ಆಯ್ಕೆ ಇರಬೇಕೆಂದಿತು.

ನನ್ನ ಅಭಿಪ್ರಾಯದಲ್ಲಿ ಮೆಟ್ರೊ ನಿಲ್ದಾಣದಿಂದ ಕಚೇರಿಗಳ ಕಡೆಗೆ, ನಿಗದಿತ ಸ್ಟ್ಯಾಂಡ್ ಮತ್ತು ತಲೆದರದೊಂದಿಗೆ ಶೇರ್ ಟ್ಯಾಕ್ಸಿಗೆ ಪರವಾನಗಿ ಕೊಡಬಹುದು. ಬಸ್ಸು ಪದೇಪದೇ ಓಡುವ ದಾರಿಯಲ್ಲಿ ಅದು ಬೇಡ.