ವೃತ್ತಿನಾಟಕ ಮಂಡಲಿಗಳಲ್ಲಿ ಬಾಲನಟರ ಸಂಚಾರಜೀವನ: ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

೧

ಮೈಸೂರು ಸೀಮೆಯ ವೃತ್ತಿರಂಗಭೂಮಿಯ ಚರಿತ್ರೆಯನ್ನು ಹೇಳುವಾಗ ಅದರ ವೈಭವವನ್ನು ಮೊದಲು ಹೇಳುವುದು ರೂಢಿಯಾಗಿದೆ. ಬಣ್ಣದ ಪರದೆಗಳು, ಜರತಾರಿಯ ಉಡುಪುಗಳು, ೧೯೩೪ರಲ್ಲಿ ಗುಬ್ಬಿ ಕಂಪನಿಯವರು ಆನೆಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ ಇವೆಲ್ಲವೂ ಜನಮನದಲ್ಲಿ ಇಂದಿಗೂ ಉಳಿದಿರುವುದು ಸಹಜವೇ ಸರಿ. ಆದರೆ ಈ ವೈಭವವನ್ನು ಊರಿಂದೂರಿಗೆ ಕೊಂಡೊಯ್ದವರಲ್ಲಿ ಇನ್ನೂ ಮೀಸೆ ಮೂಡದ ಹುಡುಗರೂ ಇದ್ದರೆಂಬ ಸಂಗತಿಗೆ ದೊರೆಯಬೇಕಾದಷ್ಟು ಗಮನ ದೊರೆತಿಲ್ಲ. ಪ್ರಹ್ಲಾದ, ಧ್ರುವ, ಲೋಹಿತಾಶ್ವ, ಮಾರ್ಕಂಡೇಯ, ಬಾಲಕೃಷ್ಣ ಮೊದಲಾದ ಪಾತ್ರಗಳಿಲ್ಲದೆ ಅಂದಿನ ಪೌರಾಣಿಕ ನಾಟಕಗಳು ನಡೆಯುವಂತಿರಲಿಲ್ಲ. ಸ್ತ್ರೀಯರು ರಂಗಕ್ಕೆ ಬರುವ ಮುನ್ನ ನಾಯಿಕೆಯರ, ಸಖಿಯರ ಪಾತ್ರಗಳೂ ಎಳೆಯ ಕಂಠದ ಹುಡುಗರ ಪಾಲಿಗೇ ಬರುತ್ತಿದ್ದುವು.

ಈ ಬಾಲಕರು ಪಟ್ಟ ಕಷ್ಟಗಳ ಸ್ವರೂಪವೇನು, ಅವುಗಳಿಗೆ ಕಾರಣವೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಕಂಪನಿಯ ಯಜಮಾನನ ಕಾಠಿಣ್ಯವೇ ಎಲ್ಲಕ್ಕೂ ಕಾರಣವೆಂದು ಹೇಳಿಬಿಡುವುದು ಸುಲಭ. ಪರಿಶೀಲಿಸಿ ನೋಡಿದರೆ ಕಾರಣವು ಬಹುಮಟ್ಟಿಗೆ ಸಂಚಾರವೆಂಬ ವ್ಯವಸ್ಥೆಯಲ್ಲಿಯೇ ಅಡಗಿತ್ತೆಂದು ತೋರುತ್ತದೆ. ಮಳೆ, ಬರ, ಸಾಂಕ್ರಾಮಿಕ ರೋಗ, ಪ್ರತಿಸ್ಪರ್ಧಿ ಮಂಡಲಿ ಇವುಗಳಿಂದ ಒದಗಿದ ನಷ್ಟವೆಲ್ಲ ಮೇಲಿನಿಂದ ಕೆಳಗಿಳಿದು, ಕೊನೆಗೆ ಪ್ರಶ್ನಿಸುವ ಶಕ್ತಿಯಿಲ್ಲದ ಹುಡುಗರ ಹೆಗಲ ಮೇಲೆ ಬಂದು ನಿಲ್ಲುತ್ತಿತ್ತು.

೨

ಈ ವಿಷಯವನ್ನು ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕನ್ನಡನಾಡಿನ ಅತ್ಯಂತ ಪ್ರಸಿದ್ಧ ಸಂಚಾರಿ ಮಂಡಲಿಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ೧೮೮೪ರಲ್ಲಿ ಈ ಸೀಮೆಯ ಅಂಚಿನಲ್ಲಿಯೇ ಹುಟ್ಟಿತು. ಎರಡನೆಯದು, ನಾಲ್ಕನೆಯ ವಯಸ್ಸಿನಲ್ಲಿಯೇ ರಂಗವನ್ನೇರಿ ಮುಂದೆ ಹಾಸ್ಯನಟರಾಗಿ ಹೆಸರಾದ ನರಸಿಂಹರಾಜು ಅವರು ತಿಪಟೂರಿನವರು.

ಸಂಚಾರದ ಮಾರ್ಗವನ್ನು ನಿರ್ಣಯಿಸಿದ್ದು ಬಹುಮಟ್ಟಿಗೆ ರೈಲು. ೧೮೮೦ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದ ಕಡೆಗೆ ಹಳಿ ಬಿದ್ದಿತು. ಪರದೆ, ಪೆಟ್ಟಿಗೆ, ಹಾರ್ಮೋನಿಯಂ, ಅಡುಗೆಯ ಪಾತ್ರೆ ಇವುಗಳೊಡನೆ ಇಡೀ ಮಂಡಲಿಯು ಒಂದೂರಿನಿಂದ ಮತ್ತೊಂದೂರಿಗೆ ಸಾಗುವುದು ಇದರಿಂದ ಸಾಧ್ಯವಾಯಿತು. ಆದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಹಳಿಯ ಮೇಲಿದ್ದ ಊರುಗಳಲ್ಲ. ಬಾಣಸಂದ್ರದಲ್ಲಿಯೋ ತಿಪಟೂರಿನಲ್ಲಿಯೋ ಸಾಮಾನು ಇಳಿಸಿ, ಮುಂದಕ್ಕೆ ಎತ್ತಿನ ಗಾಡಿಗಳನ್ನು ಹಿಡಿಯಬೇಕಾಗಿತ್ತು. ರಾತ್ರಿಯ ನಾಟಕ ಮುಗಿದ ಬೆಳಗಿನಲ್ಲಿಯೇ ಮೊಕ್ಕಾಂ ಎತ್ತುವ ಪ್ರಸಂಗ ಬಂದರೆ ನಿದ್ದೆಗೆ ಅವಕಾಶವಿರುತ್ತಿರಲಿಲ್ಲ.

ಮೊಕ್ಕಾಮಿಗೆ ಊರನ್ನು ಆರಿಸುವುದು ಲೆಕ್ಕಾಚಾರದ ಕೆಲಸ. ಈ ಸೀಮೆಯ ಉಂಡೆ ಕೊಬ್ಬರಿಯ ವ್ಯಾಪಾರಕ್ಕೂ ನಾಟಕಕ್ಕೂ ಒಂದು ಸಂಬಂಧವನ್ನು ಊಹಿಸಬಹುದಾಗಿದೆ. ಇಲ್ಲಿನ ರೈತನು ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿಯು ಕರಟದಿಂದ ಬಿಟ್ಟುಕೊಂಡ ಮೇಲೆ ಸುಲಿದು ಮಾರುತ್ತಾನೆ. ಆದುದರಿಂದ ಅವನ ಕೈಗೆ ಹಣ ಬರುವುದು ಒಂದೇ ಸುಗ್ಗಿಯಲ್ಲಲ್ಲ. ಹೊಲದ ರಾಗಿಯನ್ನೇ ನಂಬಿದ ಸೀಮೆಗಳಲ್ಲಿ ಮಳೆ ಕೈಕೊಟ್ಟ ವರ್ಷ ಟಿಕೆಟ್ಟಿನ ಹಣ ಹುಟ್ಟುವುದು ಕಷ್ಟ. ಕೊಬ್ಬರಿಯ ಪೇಟೆಯಿದ್ದ ತಿಪಟೂರಿನಂತಹ ಊರು ಮಂಡಲಿಗಳಿಗೆ ಆಸರೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಬಿಳಿಗೆರೆ, ಕರಡಿ, ಅರಳಗುಪ್ಪೆಗಳಂತಹ ಸುತ್ತಣ ಗ್ರಾಮಗಳ ಜನ ಪೇಟೆಗೆ ಬಂದು ಹೋಗುವ ಊರು ಅದು.

ಇಲ್ಲಿ ಗ್ರಾಮದ ಕಲಾವಿದನಿಗೂ ಮಂಡಲಿಯ ಬಾಲಕನಿಗೂ ಇದ್ದ ವ್ಯತ್ಯಾಸವನ್ನು ಗಮನಿಸಬೇಕು. ಈ ಗ್ರಾಮಗಳಿಗೆ ರಾತ್ರಿಯ ಆಟವೇನೂ ಹೊಸದಲ್ಲ. ಗ್ರಾಮದೇವತೆಯ ಜಾತ್ರೆಯಲ್ಲಿ ಅರೆ ತಮಟೆಗಳೊಡನೆ ನಡೆಯುವ ಸೋಮನ ಕುಣಿತ, ವೀರಗಾಸೆ, ಮದ್ದಲೆ ಮುಖವೀಣೆಗಳ ಮೂಡಲಪಾಯ ಯಕ್ಷಗಾನ ಇವೆಲ್ಲ ಈ ಸೀಮೆಯ ಸ್ವಂತ ಸಂಪತ್ತು. ಆದರೆ ಅಲ್ಲಿ ಕುಣಿಯುವವನು ಬೆಳಗಾದೊಡನೆ ಬಣ್ಣ ತೊಳೆದು ತನ್ನ ಮನೆಗೆ, ತನ್ನ ಹೊಲಕ್ಕೆ ಹಿಂದಿರುಗುತ್ತಾನೆ. ಮಂಡಲಿಯ ಬಾಲಕನಿಗೆ ಹಿಂದಿರುಗಲು ಮನೆ ಹತ್ತಿರದಲ್ಲಿರಲಿಲ್ಲ. ಕಂಪನಿಯೇ ಅವನಿಗೆ ಮನೆ, ಕಂಪನಿಯ ಅಡುಗೆಯೇ ಅವನಿಗೆ ಅನ್ನ.

೩

ಮೊಕ್ಕಾಮಿನ ದಿನಚರಿಯು ಲೋಕದ ದಿನಚರಿಗೆ ತಲೆಕೆಳಗಾದುದು. ರಾತ್ರಿ ಊಟದ ಹೊತ್ತು ಕಳೆದ ಮೇಲೆ ಆರಂಭವಾದ ನಾಟಕವು ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಡಿನ ಅಭ್ಯಾಸ, ಮಾತಿನ ಪಾಠ, ಸಂಜೆಗೆ ಬಣ್ಣ. ತಗಡು ಅಥವಾ ತೆಂಗಿನ ಗರಿ ಹೊದಿಸಿದ ಚಪ್ಪರವೇ ರಂಗಮಂದಿರ. ಜೋರು ಮಳೆ ಬಂದರೆ ಆಟವೂ ಇಲ್ಲ, ವಸೂಲಿಯೂ ಇಲ್ಲ. ಹಲವು ದಿನ ಹೀಗೆ ಕಳೆದರೆ ಅಂಗಡಿಯ ಸಾಲ, ನೆಲದ ಬಾಡಿಗೆ, ಗಾಡಿಯ ಬಾಡಿಗೆ ಏರುತ್ತ ಹೋಗಿ, ಮುಂದಿನೂರಿಗೆ ಸಾಗಲು ಹಣವಿಲ್ಲದೆ ಮಂಡಲಿಯು ಇದ್ದಲ್ಲಿಯೇ ಸಿಕ್ಕಿಬೀಳುತ್ತಿತ್ತು. ೧೮೯೮ರಿಂದ ಮೈಸೂರು ಸಂಸ್ಥಾನವನ್ನು ಕಾಡಿದ ಪ್ಲೇಗು, ೧೯೧೮ರ ಇನ್‌ಫ್ಲುಯೆಂಜಾ ಇವು ಜನ ಗುಂಪು ಸೇರುವುದನ್ನೇ ಅಪಾಯಕರವಾಗಿಸಿದುವು. ಜನ ಗುಂಪು ಸೇರುವುದರಿಂದಲೇ ಬದುಕುವ ವೃತ್ತಿಗೆ ಇದಕ್ಕಿಂತ ದೊಡ್ಡ ಆಪತ್ತು ಮತ್ತಾವುದು?

ಇದರ ಮೇಲೆ ಸ್ಪರ್ಧೆಯ ಒತ್ತಡ ಬೇರೆ. ವರದಾಚಾರ್ಯರ ರತ್ನಾವಳಿ ಕಂಪನಿ, ಮಹಮದ್ ಪೀರರ ಚಂದ್ರಕಲಾ ನಾಟಕ ಮಂಡಲಿ, ಸುಬ್ಬಯ್ಯನಾಯುಡು ಮತ್ತು ನಾಗೇಂದ್ರರಾಯರ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿ, ಮಲ್ಲಪ್ಪನವರ ಚಂದ್ರಮೌಳೀಶ್ವರ ನಾಟಕ ಸಭೆ ಇವೆಲ್ಲ ಒಂದೇ ಪ್ರೇಕ್ಷಕವರ್ಗವನ್ನು ನಂಬಿದ್ದುವು. ಒಬ್ಬರ ಪರದೆಗಿಂತ ಮತ್ತೊಬ್ಬರದು ಹೆಚ್ಚು ಬೆಡಗಿನದಾಗಬೇಕು. ಒಬ್ಬರ ಪ್ರಹ್ಲಾದನಿಗಿಂತ ಮತ್ತೊಬ್ಬರವನು ಎತ್ತರದ ಶ್ರುತಿಯಲ್ಲಿ ಹಾಡಬೇಕು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಹುಡುಗನ ಕಂಠವು ಕೊನೆಯ ಸಾಲಿನ ನೆಲದ ಪ್ರೇಕ್ಷಕನನ್ನೂ ಮುಟ್ಟಬೇಕಾಗಿತ್ತು. ಕೇಳಿದವರು ‘ಒನ್ಸ್ ಮೋರ್’ ಎಂದು ಕೂಗಿದಾಗಲೆಲ್ಲ ಅದೇ ಹಾಡನ್ನು ಮತ್ತೆ ಹಾಡಬೇಕಾಗಿತ್ತು. ಇಂದು ಅದನ್ನು ಗೌರವವೆಂದು ನೆನೆಯುತ್ತೇವೆ. ಬೆಳಗಿನ ಜಾವದ ಹೊತ್ತಿಗೆ ಹತ್ತು ವರ್ಷದ ಕಂಠಕ್ಕೆ ಅದು ಶ್ರಮವೂ ಆಗಿತ್ತೆಂಬುದನ್ನು ಮರೆಯಲಾಗದು.

ಆದರೆ ಬಾಲನಟನಿಗೆ ಎಲ್ಲಕ್ಕಿಂತ ದೊಡ್ಡ ಭಯವು ಕಂಠ ಒಡೆಯುವುದು. ಹದಿಮೂರು ಹದಿನಾಲ್ಕರ ಸುಮಾರಿಗೆ ದೇಹಧರ್ಮದಿಂದ ಧ್ವನಿ ಒರಟಾದೊಡನೆ ನಿನ್ನೆಯ ಲೋಹಿತಾಶ್ವನಿಗೆ ಇಂದು ಪಾತ್ರವಿಲ್ಲ. ರಾಜಪಾತ್ರಕ್ಕೆ ಎತ್ತರ ಸಾಲದು, ಸ್ತ್ರೀಪಾತ್ರಕ್ಕೆ ಕಂಠ ಒದಗದು. ಅಂಥವನಿಗೆ ಪರದೆ ಎಳೆಯುವುದು, ಸಾಮಾನು ಹೊರುವುದು, ದೀಪ ನೋಡಿಕೊಳ್ಳುವುದು ಮೊದಲಾದ ಕೆಲಸಗಳೇ ಗತಿ; ಇಲ್ಲವೆ ಓದುಬರಹವಿಲ್ಲದೆ ಊರಿಗೆ ಮರಳುವುದು. ವರ್ಷಗಟ್ಟಲೆ ಮಂಡಲಿಗೆ ಹಣ ತಂದ ಕಂಠವು ಒಡೆದಾಗ ಆ ನಷ್ಟವನ್ನು ಹೊರುವವನು ಆ ಹುಡುಗನೊಬ್ಬನೇ ಆಗಿದ್ದನೆಂಬುದು ಈ ವ್ಯವಸ್ಥೆಯ ಮರ್ಮ.

೪

ಇದು ಕನ್ನಡ ರಂಗಭೂಮಿಯೊಂದರ ಸ್ಥಿತಿಯಲ್ಲ. ತಮಿಳುನಾಡಿನಲ್ಲಿ ಶಂಕರದಾಸ ಸ್ವಾಮಿಗಳು (೧೮೬೭-೧೯೨೨) ಮೊದಲಾದವರು ಬಾಲಕರನ್ನೇ ಕಟ್ಟಿಕೊಂಡು ನಡೆಸಿದ ‘ಬಾಯ್ಸ್ ಕಂಪನಿ’ಗಳು ಪ್ರಸಿದ್ಧವಾದುವು. ಟಿ. ಕೆ. ಷಣ್ಮುಗಂ ಮತ್ತು ಅವರ ಸಹೋದರರು ೧೯೧೮ರಲ್ಲಿ ಇಂತಹ ಮಂಡಲಿಯಿಂದಲೇ ರಂಗಜೀವನವನ್ನು ಆರಂಭಿಸಿದರು. ಗುಜರಾತಿ ರಂಗಭೂಮಿಯ ಜಯಶಂಕರ ಸುಂದರಿಯವರು (೧೮೮೯-೧೯೭೫) ಒಂಬತ್ತರ ಎಳವೆಯಲ್ಲಿಯೇ ಮನೆಯನ್ನು ಬಿಟ್ಟು ದೂರದ ಕಲ್ಕತ್ತೆಯ ಕಂಪನಿಗೆ ಹೋದರು. ಎಲ್ಲೆಡೆಯೂ ಒಡಂಬಡಿಕೆಯ ಸ್ವರೂಪ ಹೆಚ್ಚುಕಡಿಮೆ ಒಂದೇ: ಕಂಪನಿಯು ಅನ್ನ, ಬಟ್ಟೆ, ವಿದ್ಯೆ ಕೊಡುವುದು, ಹುಡುಗನು ತನ್ನ ವಯಸ್ಸನ್ನು ಕೊಡುವುದು. ಮಾತುಕತೆ ನಡೆಯುತ್ತಿದ್ದುದು ಯಜಮಾನನಿಗೂ ತಂದೆಗೂ ನಡುವೆ. ಕೆಲಸ ಮಾಡುವವನು ಅದರಲ್ಲಿ ಪಕ್ಷಸ್ಥನಲ್ಲ.

ಕಾನೂನು ಇಂತಹ ಒಡಂಬಡಿಕೆಗಳ ಕಡೆಗೆ ದೃಷ್ಟಿ ಹರಿಸಿದ್ದು ತಡವಾಗಿ. ೧೯೩೩ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸುವ ಶಾಸನವಾಯಿತು. ಹದಿನೈದು ವರ್ಷದೊಳಗಿನ ಮಗುವಿನ ದುಡಿಮೆಯನ್ನು ತಂದೆಯು ಹಣಕ್ಕಾಗಿ ಬರೆದುಕೊಟ್ಟರೆ ಆ ಪತ್ರವು ಅಸಿಂಧುವೆಂದು ಅದು ಸಾರಿತು. ಆದರೆ ಮಗುವಿಗೆ ಹಾನಿಯಿಲ್ಲದೆ, ಯೋಗ್ಯ ಕೂಲಿಗೆ, ಒಂದು ವಾರದ ನೋಟೀಸಿನ ಮೇಲೆ ಬಿಡಬಹುದಾದ ಕರಾರುಗಳಿಗೆ ಅದು ಅಡ್ಡಿಮಾಡಲಿಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೧೩ರಷ್ಟು ಹಿಂದೆಯೇ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆ ಬಂದು, ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಶಿಕ್ಷಣವು ಆರಂಭವಾಯಿತು. ಆದರೆ ಶಾಲೆಯ ಕಡ್ಡಾಯವು ಒಂದೂರಿನಲ್ಲಿ ನೆಲೆನಿಂತ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದುದು. ಈ ತಿಂಗಳು ತಿಪಟೂರಿನಲ್ಲಿ, ಮುಂದಿನ ತಿಂಗಳು ಮತ್ತೊಂದು ಊರಿನಲ್ಲಿ ಇರುವ ಹುಡುಗನು ಯಾವ ಶಾಲೆಯ ಹಾಜರಿ ಪುಸ್ತಕಕ್ಕೆ ಸೇರಿದವನು? ಹೀಗೆ ಅವನು ಸಂಚಾರದ ಕಾರಣದಿಂದಲೇ ಇಂತಹ ಕಾನೂನಿನ ಕಣ್ಣಿಗೆ ಬೀಳದೆ ಉಳಿಯುವಂತಿತ್ತು.

೫

ಇನ್ನು ಈ ಜೀವನದಿಂದ ಮೇಲೆ ಬಂದವರ ವಿಚಾರ. ನರಸಿಂಹರಾಜು ಅವರು (೧೯೨೩-೧೯೭೯) ಮಲ್ಲಪ್ಪನವರ ಮಂಡಲಿಯಲ್ಲಿ ಬಾಲಪಾತ್ರಗಳಿಂದ ಆರಂಭಿಸಿ, ಹಲವು ಕಂಪನಿಗಳನ್ನು ಕಂಡು, ಗುಬ್ಬಿ ಕಂಪನಿಯನ್ನು ಸೇರಿದರು. ಗಾಜನೂರಿನ ಮುತ್ತುರಾಜನು ಗುಬ್ಬಿ ಕಂಪನಿಯ ನಟರಾದ ತಂದೆ ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಬಾಲ್ಯದಲ್ಲಿಯೇ ಮಂಡಲಿಗೆ ಬಂದನು. ಶಾಲೆಯ ಓದು ಅಲ್ಲಿಗೆ ನಿಂತಿತು. ಜಿ. ವಿ. ಅಯ್ಯರ್ ಅವರು ಎಂಟನೆಯ ವಯಸ್ಸಿನಲ್ಲಿ ಅದೇ ಮಂಡಲಿಯನ್ನು ಸೇರಿದರು. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರವು ತೆರೆಗೆ ಬಂದಾಗ ಈ ಮೂವರೂ ಅದರಲ್ಲಿದ್ದರು. ಮುತ್ತುರಾಜನು ರಾಜಕುಮಾರನಾದದ್ದು ಆ ಚಿತ್ರದಿಂದ. ಕನ್ನಡ ಚಲನಚಿತ್ರವು ತನ್ನ ಕಾಲ ಮೇಲೆ ನಿಂತಾಗ ಅದಕ್ಕೆ ಒದಗಿದ ಅಭಿನಯದ ಬಂಡವಾಳದಲ್ಲಿ ಬಹುಭಾಗವು ಮೊಕ್ಕಾಮುಗಳಲ್ಲಿ ಬೆಳೆದ ಬಾಲಕರದು. ಓದು ನಿಂತುಹೋದ ಆ ಹುಡುಗನಿಗೆ ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತೆಂಬುದನ್ನು ವಿದ್ಯಾಸಂಸ್ಥೆಗಳು ನೆನೆಯತಕ್ಕದ್ದು.

ಯಜಮಾನರ ವಿಷಯದಲ್ಲಿಯೂ ನ್ಯಾಯವಾಗಿ ಮಾತನಾಡಬೇಕು. ೧೯೧೭ರಲ್ಲಿ ಗುಬ್ಬಿ ಕಂಪನಿಯ ಒಡೆತನವನ್ನು ವಹಿಸಿಕೊಂಡ ವೀರಣ್ಣನವರು ತಾವೇ ಎಳೆಯ ಬಾಲಕನಾಗಿ ಅದೇ ಮಂಡಲಿಗೆ ಸೇರಿದ್ದವರು. ಮೊಕ್ಕಾಮಿನ ಕಷ್ಟ ಅವರಿಗೆ ತಿಳಿಯದ್ದಲ್ಲ. ಮನೆಯನ್ನು ಬಿಟ್ಟು ತಮ್ಮಲ್ಲಿಗೆ ಬಂದ ಬಿ. ವಿ. ಕಾರಂತರನ್ನು ಅವರು ಓದಿಗಾಗಿ ಕಾಶಿಗೆ ಕಳುಹಿಸಿದರು. ಆ ಹುಡುಗ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ, ೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದನು. ಆದರೆ ಇಲ್ಲಿಯೇ ವ್ಯವಸ್ಥೆಯ ಸ್ವರೂಪವೂ ಸ್ಪಷ್ಟವಾಗುತ್ತದೆ. ಓದು ದೊರೆತದ್ದು ಒಬ್ಬ ಯಜಮಾನನ ಔದಾರ್ಯದಿಂದ, ಹುಡುಗನ ಹಕ್ಕಿನಿಂದಲ್ಲ. ಔದಾರ್ಯವು ಒಬ್ಬನನ್ನು ಎತ್ತಬಲ್ಲದು. ಮೊಕ್ಕಾಮಿನ ಎಲ್ಲರನ್ನೂ ಎತ್ತುವುದು ಅದರ ಶಕ್ತಿಗೆ ಮೀರಿದುದು.

೬

ಗೆದ್ದವರ ಬಾಳನ್ನು ಸಾಕ್ಷಿಯಾಗಿಟ್ಟು, ಕಷ್ಟವೇ ಅವರನ್ನು ಕಲಾವಿದರನ್ನಾಗಿ ಮಾಡಿತೆಂದು ಹೇಳುವುದು ವಾಡಿಕೆ. ಈ ವಾದದಲ್ಲಿ ಒಂದು ದೋಷವುಂಟು. ಅದೇ ಚಪ್ಪರದಲ್ಲಿ ಮಲಗಿ, ಅದೇ ಪಾಠವನ್ನು ಕಲಿತು, ಕಂಠ ಒಡೆದ ಮೇಲೆ ಊರಿಗೆ ಮರಳಿದವರ ಕಷ್ಟವು ಇವರ ಕಷ್ಟಕ್ಕಿಂತ ಕಡಮೆಯದಾಗಿರಲಿಲ್ಲ. ಕಷ್ಟವೊಂದೇ ಕಲೆಗೆ ಕಾರಣವಾಗಿದ್ದರೆ ಅವರೂ ಕಲಾವಿದರಾಗಬೇಕಾಗಿತ್ತು. ಬಾಲಕರನ್ನು ಬೆಳೆಸಿದುದು ಅಭ್ಯಾಸದ ಶಿಸ್ತು, ಸಂಗೀತದ ಮೇಷ್ಟ್ರ ಪಾಠ, ದಿನವೂ ಪ್ರೇಕ್ಷಕರೆದುರಿಗೆ ನಿಲ್ಲುವ ಅವಕಾಶ. ಇವುಗಳಿಗೆ ನಿದ್ದೆಗೇಡು, ಹಸಿವು, ಓದಿನ ನಷ್ಟ ಅವಶ್ಯವಾದ ಅಂಗಗಳಲ್ಲ. ಅವು ಮಂಡಲಿಯ ಬಡತನದ ಫಲ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಇಂದಿಗೂ ಪ್ರಯೋಜನಕರ. ೧೯೮೬ರ ಬಾಲಕಾರ್ಮಿಕ ಕಾಯಿದೆಗೆ ೨೦೧೬ರಲ್ಲಿ ಬಂದ ತಿದ್ದುಪಡಿಯು ಬಾಲಕಲಾವಿದನಿಗೆ ಅವಕಾಶವನ್ನು ಉಳಿಸಿ, ಶಾಲೆಯ ಓದಿಗೆ ಭಂಗ ಬರಬಾರದೆಂಬ ಕಟ್ಟನ್ನು ವಿಧಿಸಿರುವುದು ಈ ವಿವೇಕವನ್ನೇ.

ಆದುದರಿಂದ ವೃತ್ತಿರಂಗಭೂಮಿಯ ಚರಿತ್ರೆಯನ್ನು ಬರೆಯುವವರು ನಾಟಕಗಳ ಪಟ್ಟಿ, ಯಜಮಾನರ ಚರಿತ್ರೆಗಳ ಜೊತೆಗೆ ಕಂಪನಿಗಳ ಲೆಕ್ಕದ ಪುಸ್ತಕ, ಕರಾರುಪತ್ರ, ಹ್ಯಾಂಡ್‌ಬಿಲ್ಲುಗಳನ್ನೂ ಸಂಗ್ರಹಿಸುವುದು ಅವಶ್ಯ. ಹಿಂದೆ ಮಂಡಲಿಯಲ್ಲಿದ್ದವರ ಮನೆಯವರು ಹೇಳುವ ಮಾತನ್ನೂ ಬರೆದಿಟ್ಟುಕೊಳ್ಳಬೇಕು. ತೆಂಗಿನ ಸೀಮೆಯ ಗ್ರಾಮಗ್ರಾಮಗಳಲ್ಲಿ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಗಳು ಇನ್ನೂ ಇರಬಹುದು. ಅವುಗಳಲ್ಲಿ ದೊರೆಯುವ ಒಂದು ಹ್ಯಾಂಡ್‌ಬಿಲ್ಲಿನ ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಲೋಹಿತಾಶ್ವನ ಪಾತ್ರವನ್ನು ವಹಿಸಿದ ಹುಡುಗನೊಬ್ಬನ ಹೆಸರಿದ್ದರೆ, ನಮ್ಮ ರಂಗಭೂಮಿಯ ಚರಿತ್ರೆಗೆ ಅದು ಒಂದು ರಾಜದತ್ತ ಬಿರುದಿಗಿಂತ ಕಡಮೆಯ ದಾಖಲೆಯಾಗಲಾರದು.