ನೆಲವನ್ನು ಬಿಡುವ ಮಾತು

ವಿಮಾನವಿದ್ಯೆಯ ಪರಿಭಾಷೆಯಲ್ಲಿ ಅನೇಕ ಶಬ್ದಗಳು ಫ್ರೆಂಚರಿಂದ ಬಂದುವೆಂಬುದು ವಿದಿತವೇ ಇದೆ. ಆ ವಿದ್ಯೆಗೆ ‘ಅವಿಯಾಸಿಯೋಂ’ ಎಂಬ ಹೆಸರನ್ನು 1863ರಲ್ಲಿ ಬಳಕೆಗೆ ತಂದ ಗಾಬ್ರಿಯೆಲ್ ದ ಲಾ ಲಾಂದೆಲನು ಪೂರ್ವದಲ್ಲಿ ನೌಕಾಧಿಕಾರಿ; ಆದರೂ ಹೆಸರನ್ನು ಆತನು ಪಡೆದುದು ಸಮುದ್ರದಿಂದಲ್ಲ, ಹಕ್ಕಿಯ ಲ್ಯಾಟಿನ್ ನಾಮವಾದ ‘ಅವಿಸ್’ ಶಬ್ದದಿಂದ. ತರುವಾಯದ ಮಾತುಗಳು ಹಕ್ಕಿಯೊಂದನ್ನೇ ನಂಬಲಿಲ್ಲ. ವಿಮಾನವು ಇಳಿಯುವುದಕ್ಕೆ ಹೇಳುವ ‘ಅತೆರಿರ್’ ಮೊದಲಿಗೆ ಹಡಗು ದಡವನ್ನು ಸಮೀಪಿಸುವುದಕ್ಕಿದ್ದ ನಾವಿಕಶಬ್ದ. ಮೂತಿಯನ್ನು ಮೇಲೆತ್ತುವುದಕ್ಕೆ ಹೇಳುವ ‘ಕಾಬ್ರೆ’ ಮುಂಗಾಲೆತ್ತಿ ನಿಲ್ಲುವ ಕುದುರೆಯದು.

ಮೇಲೇರುವ ಕ್ಷಣಕ್ಕೆ ಮಾತ್ರ ಅವರು ‘ದೆಕೊಲಾಜ್’ ಎಂದರು. ‘ಕೊಲ್’ ಎಂದರೆ ಅಂಟು. ‘ದೆಕೊಲೆ’ ಎಂದರೆ ಅಂಟು ಬಿಡಿಸುವುದು. ಲಕೋಟೆಯಿಂದ ಅಂಚೆಚೀಟಿಯನ್ನು ಬಿಡಿಸುವುದಕ್ಕೂ ಇದೇ ಕ್ರಿಯಾಪದ. (ಇದೇ ರೂಪದ ಬೇರೊಂದು ಧಾತುವಿಗೆ ಶಿರಚ್ಛೇದವೆಂದರ್ಥ, ಕೋಶ ನೋಡುವವರು ಎಚ್ಚರದಿಂದಿರಬೇಕು.) ಓಟದ ವೇಗವು ಹೆಚ್ಚಿದಂತೆ ರೆಕ್ಕೆಗಳ ಎತ್ತುಬಲವು ಬೆಳೆದು ಚಕ್ರಗಳ ಮೇಲಣ ಭಾರವು ಕುಗ್ಗುತ್ತದೆ, ಆ ಬಲವು ವಿಮಾನದ ಭಾರವನ್ನು ಮೀರಿದೊಡನೆ ಚಕ್ರಗಳು ನೆಲದಿಂದ ಕಳಚಿಕೊಳ್ಳುತ್ತವೆ. ಮುಂಚಿನ ಓಟವು ‘ರೂಲ್ಮಾಂ’, ತರುವಾಯದ ಏರಿಕೆ ‘ಮೋಂತೆ’. ನಡುವಣ ಆ ಕಳಚುವಿಕೆಯೊಂದೇ ‘ದೆಕೊಲಾಜ್’ ಪದದ ಮೂಲಾರ್ಥ.

ಕನ್ನಡಕ್ಕೆ ‘ವಿಮಾನ’ ಶಬ್ದವು ಪುರಾಣಗಳಿಂದ ಸಿದ್ಧವಾಗಿಯೇ ದೊರೆಯಿತು. ಈ ಕ್ರಿಯೆಗೆ ಮಾತ್ರ ಶಬ್ದ ದೊರೆಯಲಿಲ್ಲ. ‘ಉಡ್ಡಯನ’ವು ಹಾರಾಟವನ್ನೆಲ್ಲ ಒಳಗೊಳ್ಳುತ್ತದೆ; ‘ಉಡಾವಣೆ’ ರಾಕೆಟ್ಟುಗಳ ಪಾಲಾಗಿದೆ. ಜನರು ‘ಟೇಕಾಫ್’ ಎನ್ನುತ್ತಾರೆ.

ಈ ಕೊರತೆಯನ್ನು ನಾನು ಕುಂದಾಪುರದ ಸೀಮೆಯಿಂದ ನೋಡುತ್ತೇನೆ. 1936ರಲ್ಲಿ ‘ಬಾಲಪ್ರಪಂಚ’ದ ಮೂಲಕ ಲೋಕಜ್ಞಾನವನ್ನು ಮಕ್ಕಳ ಕನ್ನಡಕ್ಕೆ ತಂದ ಶಿವರಾಮ ಕಾರಂತರು, ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದವರು. ಬೈಂದೂರು ತಾಲೂಕಿನ ಮರವಂತೆಯಂತಹ ಕಡಲತಡಿಯಲ್ಲಿ ಮರಳಿಗೆ ಕಚ್ಚಿಕೊಂಡ ದೋಣಿಯನ್ನು ಹೆಗಲುಕೊಟ್ಟು ನೂಕುವಾಗ, ಅಡಿಯು ಮರಳಿನಿಂದ ಕಳಚಿ ನೀರಿಗೆ ತೇಲುವ ಕ್ಷಣವೊಂದಿದೆ. ದೋಣಿ ದಡ ಬಿಟ್ಟಿತೆನ್ನುತ್ತೇವೆ. ಇಲ್ಲಿಯ ‘ಬಿಡು’ ಧಾತುವಿಗೂ ಫ್ರೆಂಚರ ‘ದೆಕೊಲೆ’ಗೂ ಭಾವವೊಂದೇ: ಹಿಡಿದುದರಿಂದ ಬಿಡುಗಡೆ. ಆದುದರಿಂದ ವಿಮಾನವು ‘ನೆಲ ಬಿಟ್ಟಿತು’ ಎಂದೂ, ಆ ಕ್ರಿಯೆಗೆ ‘ನೆಲಬಿಡುವಿಕೆ’ ಎಂದೂ ಬರೆಯಬಹುದೆಂದು ನನ್ನ ಸೂಚನೆ.

ಇದು ತೀರ ಗ್ರಾಮ್ಯವೆಂದು ಕೆಲವರು ಆಕ್ಷೇಪಿಸಿಯಾರು. ಸಂಸ್ಕೃತದಲ್ಲಿ ‘ಭೂಮೋಕ್ಷ’ವೆಂದು ಕಟ್ಟಿದರೆ ಪ್ರಯಾಣಿಕರು ಗಾಬರಿಗೊಂಡಾರು! ವಿಮಾನವು ಇಳಿಯುವುದಕ್ಕೆ ಪತ್ರಿಕೆಗಳು ‘ಭೂಸ್ಪರ್ಶ’ವೆಂದು ಬರೆಯುವುದುಂಟು, ಮುಟ್ಟುವುದಕ್ಕೆ ಮಾತಿರುವಲ್ಲಿ ಬಿಡುವುದಕ್ಕೂ ಒಂದು ಬೇಕಷ್ಟೆ.